ಕಾರ್ನ್‌ವಾಲ್‌ನ ಹಳ್ಳಿ ಪ್ಯಾರಿಷ್‌ಗಳಲ್ಲಿ ಕುಟುಂಬದ ಮೂಲ ಹುಡುಕುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಕೋಲಾರದ ಚಿನ್ನದ ಗಣಿಗಳ ಆಡಳಿತ 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕೈಗೆ ಬಂದ ಮೇಲೆ, ನೆಲದಾಳದ ಕೆಲಸವನ್ನು ತಲೆಮಾರುಗಳಿಂದ ಬಲ್ಲ ಗಣಿಗಾರರು ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್‌ನಿಂದ ಇಲ್ಲಿಗೆ ಬಂದರು. 1866ರಲ್ಲಿ ತಾಮ್ರದ ಬೆಲೆ ಕುಸಿದು ಅಲ್ಲಿನ ಗಣಿಗಳು ಒಂದೊಂದಾಗಿ ಮುಚ್ಚತೊಡಗಿದ್ದರಿಂದ ಅವರ ಬಂಧುಗಳು ದಕ್ಷಿಣ ಆಸ್ಟ್ರೇಲಿಯಾಕ್ಕೂ ಅಮೆರಿಕದ ಮಿಷಿಗನ್‌ಗೂ ಹೋಗಿ ನೆಲೆಸಿದ್ದರು. ಆ ಮನೆತನಗಳ ವಂಶಸ್ಥರು ಈಗ ಬೆಂಗಳೂರಿನಲ್ಲೂ ಇದ್ದಾರೆ, ಪರ್ತ್‌ನಲ್ಲೂ ಲಂಡನ್ನಿನಲ್ಲೂ ಇದ್ದಾರೆ. ತಮ್ಮ ಮುತ್ತಜ್ಜನ ಊರು ಯಾವುದು, ಅವನ ತಂದೆತಾಯಿ ಯಾರು ಎಂದು ತಿಳಿಯಬಯಸುವವರಿಗೂ, ಅಂಥವರಿಗೆ ನೆರವಾಗಬಯಸುವ ಕನ್ನಡಿಗರಿಗೂ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಉದಾಹರಣೆಗಳು ಕಾರ್ನ್‌ವಾಲ್‌ನವು, ಅದರಲ್ಲೂ ಹೆಚ್ಚಾಗಿ ಗ್ವೆನ್ನಾಪ್ ಎಂಬ ಪ್ಯಾರಿಷ್‌ನವು (ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ). ಆದರೆ ವಿಧಾನ ಇಂಗ್ಲೆಂಡಿನ ಯಾವ ಹಳ್ಳಿಗಾದರೂ ಅನ್ವಯಿಸುತ್ತದೆ.

ಮೊದಲೇ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಕೆಲಸಕ್ಕೆ ಇಳಿಯುವವರಲ್ಲಿ ಬಹುಪಾಲು ಜನ ಹೆಸರಿನ ಬೆನ್ನು ಹತ್ತುತ್ತಾರೆ. ಜಾಲತಾಣದಲ್ಲಿ ಹೆಸರು ಟೈಪ್ ಮಾಡಿ, ವಯಸ್ಸು ಹೊಂದುವ ಮೊದಲ ವ್ಯಕ್ತಿಯನ್ನು ತಮ್ಮ ಪೂರ್ವಜನೆಂದು ಸೇರಿಸಿಕೊಂಡುಬಿಡುತ್ತಾರೆ. ಕಾರ್ನ್‌ವಾಲ್‌ನಲ್ಲಿ ಇದು ಖಂಡಿತ ದಾರಿ ತಪ್ಪಿಸುತ್ತದೆ, ಏಕೆಂದರೆ ಅಲ್ಲಿ ಒಂದೇ ಪ್ಯಾರಿಷ್‌ನಲ್ಲಿ ಒಂದೇ ಕಾಲಕ್ಕೆ ಜಾನ್ ಥಾಮಸ್ ಅಥವಾ ವಿಲಿಯಂ ರಿಚರ್ಡ್ಸ್ ಎಂಬ ಹೆಸರಿನ ಹಲವರು ಬದುಕಿರುತ್ತಿದ್ದರು. ಆದ್ದರಿಂದ ಹೆಸರಿಗಿಂತ ಮೊದಲು ಪ್ಯಾರಿಷ್ ಅನ್ನು ಅರಿಯಿರಿ. ಚರ್ಚಿನ ವಿಧಿಗಳು, ಬಡವರ ಪೋಷಣೆ, ಭೂಮಿಯ ತೆರಿಗೆ ಎಲ್ಲವೂ ಶತಮಾನಗಳ ಕಾಲ ನಡೆದದ್ದು ಪ್ಯಾರಿಷ್ ಎಂಬ ಈ ಘಟಕದೊಳಗೇ. ಅದರ ದಾಖಲೆಗಳನ್ನು ಒಟ್ಟಾಗಿಟ್ಟು ಓದಿದಾಗ ಮಾತ್ರ ಒಬ್ಬ ಜಾನ್ ಥಾಮಸ್‌ನನ್ನು ಇನ್ನೊಬ್ಬನಿಂದ ಬೇರ್ಪಡಿಸಲು ಸಾಧ್ಯ.

ಮೊದಲ ಹಂತ: ಮನೆಯಲ್ಲಿರುವುದನ್ನು ಕಲೆಹಾಕಿ, ಪ್ಯಾರಿಷ್‌ನ ಹೆಸರು ಕಂಡುಕೊಳ್ಳಿ

ಇಂದಿನಿಂದ ಹಿಂದಕ್ಕೆ, ಒಂದೊಂದೇ ತಲೆಮಾರಾಗಿ ಹೋಗಿ. ಹಿರಿಯರನ್ನು ಮಾತಾಡಿಸಿ, ಕುಟುಂಬದ ಬೈಬಲ್, ಪತ್ರಗಳು, ಫೋಟೋಗಳ ಹಿಂಬದಿಯ ಬರಹ, ಹಳೆಯ ಪಾಸ್‌ಪೋರ್ಟ್, ಪ್ರಾರ್ಥನಾ ಪುಸ್ತಕದಲ್ಲಿ ಸಿಕ್ಕಿಸಿಟ್ಟ ಅಂತ್ಯಸಂಸ್ಕಾರದ ಕಾರ್ಡು ಎಲ್ಲವನ್ನೂ ನೋಡಿ. ಮನೆಯಲ್ಲಿ ಹೇಳಿಕೊಂಡು ಬಂದ ಕಥೆಯನ್ನು ಹೇಳಿದಂತೆಯೇ ಬರೆದಿಡಿ, ಆದರೆ ಅದರ ಎದುರು 'ದಾಖಲೆ ಸಿಕ್ಕಿಲ್ಲ' ಎಂದು ಗುರುತು ಹಾಕಿ.

ಭಾರತಕ್ಕೆ ಬಂದವನ ಊರು ಗೊತ್ತಿಲ್ಲದಿದ್ದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಿಂದ ಆರಂಭಿಸಬೇಕು. ಮದ್ರಾಸ್ ಪ್ರಾಂತ್ಯದ ಚರ್ಚುಗಳಲ್ಲಿ ನಡೆದ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಗಳ ವಿವರವನ್ನು ನಕಲು ಮಾಡಿ ಲಂಡನ್ನಿಗೆ ಕಳುಹಿಸುತ್ತಿದ್ದರು. ಎನ್/2 ಎಂಬ ಸಂಕೇತದ ಆ ಸರಣಿ 1698ರಿಂದ ಆರಂಭವಾಗುತ್ತದೆ. ಬೆಂಗಳೂರು ದಂಡು ಪ್ರದೇಶದ ಚರ್ಚುಗಳ ನಮೂದುಗಳೂ ಅದರಲ್ಲೇ ಬರುತ್ತವೆ. ಈ ಸಂಗ್ರಹದ ದೊಡ್ಡ ಭಾಗವನ್ನು ಫೈಂಡ್‌ಮೈಪಾಸ್ಟ್ ಜಾಲತಾಣದಲ್ಲಿ ನೋಡಬಹುದು. ಮದುವೆಯ ನಮೂದಿನಲ್ಲಿ ವರನ ತಂದೆಯ ಹೆಸರು ಸಿಕ್ಕರೆ ಅದೇ ಮುಂದಿನ ಮೆಟ್ಟಿಲು. ಪೂರ್ವಜ ಬ್ರಿಟಿಷ್ ಸೇನೆಯ ಸೈನಿಕನಾಗಿದ್ದರೆ, ಇಂಗ್ಲೆಂಡಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಡಬ್ಲ್ಯುಒ 97 ಸರಣಿಯ ಬಿಡುಗಡೆ ಪತ್ರಗಳಲ್ಲಿ ಸಾಮಾನ್ಯವಾಗಿ ಅವನು ಹುಟ್ಟಿದ ಪ್ಯಾರಿಷ್‌ನ ಹೆಸರೇ ಇರುತ್ತದೆ.

ಎರಡನೆಯ ಹಂತ: ಜನಗಣತಿಯಲ್ಲಿ ಮನೆಯನ್ನು ಗುರುತಿಸಿ

ಇಂಗ್ಲೆಂಡಿನಲ್ಲಿ ಎಲ್ಲರ ಹೆಸರನ್ನೂ ಬರೆದುಕೊಂಡ ಮೊದಲ ರಾಷ್ಟ್ರೀಯ ಜನಗಣತಿ 1841ರದು. ಅಲ್ಲಿಂದ ಮುಂದಕ್ಕೆ ಹತ್ತು ವರ್ಷಕ್ಕೊಮ್ಮೆ ನಡೆದ ಗಣತಿಗಳಲ್ಲಿ 1921ರವರೆಗಿನವು ಸಾರ್ವಜನಿಕರಿಗೆ ತೆರೆದಿವೆ. ವಿವರಗಳನ್ನು ನೂರು ವರ್ಷ ಗೋಪ್ಯವಾಗಿಡುವುದು ಅಲ್ಲಿನ ನಿಯಮ. 1931ರ ಗಣತಿಯ ಹಾಳೆಗಳು 1942ರ ಬೆಂಕಿಯಲ್ಲಿ ನಾಶವಾದವು, 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. ಆ ಅಂತರವನ್ನು 1939ರ ಸೆಪ್ಟೆಂಬರ್‌ನಲ್ಲಿ ತಯಾರಿಸಿದ ರಾಷ್ಟ್ರೀಯ ನೋಂದಣಿ ಪಟ್ಟಿ ಸ್ವಲ್ಪಮಟ್ಟಿಗೆ ತುಂಬುತ್ತದೆ.

1841ರ ಗಣತಿಯನ್ನು ಎಚ್ಚರದಿಂದ ಓದಬೇಕು. ಹದಿನೈದು ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆಯುತ್ತಿದ್ದರು. 34 ವರ್ಷದವನು ಅಲ್ಲಿ 30 ವರ್ಷದವನಾಗಿ ಕಾಣುತ್ತಾನೆ. ಮನೆಯವರ ನಡುವಿನ ಸಂಬಂಧ ಅದರಲ್ಲಿ ಇಲ್ಲ, ಹುಟ್ಟಿದ ಊರಿನ ಬದಲು ಅದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಪ್ರದೇಶದಲ್ಲಿ) ಹುಟ್ಟಿದವರೇ ಅಲ್ಲವೇ ಎಂಬುದಷ್ಟೇ ಇದೆ. 1851ರ ಗಣತಿಯಿಂದ ಸಂಬಂಧ, ನಿಖರ ವಯಸ್ಸು, ವೈವಾಹಿಕ ಸ್ಥಿತಿ ಮತ್ತು ಹುಟ್ಟಿದ ಪ್ಯಾರಿಷ್ ಸಿಗುತ್ತವೆ. ಹಾಗಾಗಿ 1851ರಲ್ಲಿ ಬದುಕಿದ್ದ ಪೂರ್ವಜನನ್ನು ಹುಡುಕಿಕೊಳ್ಳುವುದೇ ಇಡೀ ಶೋಧದ ಬುನಾದಿ ಎಂದು ನಾನು ತಿಳಿಯುತ್ತೇನೆ. 1911ರ ಗಣತಿಯಲ್ಲಿ ದಂಪತಿಗೆ ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಮಂದಿ ಉಳಿದರು, ಎಷ್ಟು ಮಂದಿ ತೀರಿಕೊಂಡರು ಎಂಬ ಲೆಕ್ಕವೂ ಇದೆ. ಕುಟುಂಬದ ನೆನಪಿನಿಂದ ಅಳಿಸಿಹೋದ ಕೂಸುಗಳು ಪತ್ತೆಯಾಗುವುದು ಹೆಚ್ಚಾಗಿ ಆ ಅಂಕಣದಿಂದಲೇ.

ಗಣಿ ಸೀಮೆಯ ಗಣತಿಗಳಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿ. 1871ರ ನಂತರದ ಹಾಳೆಗಳಲ್ಲಿ ಹಲವು ಮನೆಗಳಿಗೆ ಯಜಮಾನನಿರುವುದಿಲ್ಲ. 'ಗಣಿಗಾರನ ಹೆಂಡತಿ' ಎಂದು ಬರೆಸಿಕೊಂಡ ವಿವಾಹಿತೆಯೊಬ್ಬಳು ನಾಲ್ಕಾರು ಮಕ್ಕಳೊಂದಿಗೆ ಇರುತ್ತಾಳೆ. ಗಂಡ ಸತ್ತನೆಂದು ತೀರ್ಮಾನಿಸಬೇಡಿ. ಅವನು ಆ ಹೊತ್ತಿಗೆ ಆಸ್ಟ್ರೇಲಿಯಾದಲ್ಲೋ ಅಮೆರಿಕದಲ್ಲೋ, 1891ರ ವೇಳೆಗಾದರೆ ಕೋಲಾರದಲ್ಲೋ ದುಡಿಯುತ್ತಿರಬಹುದು. ಇನ್ನು ಹದಿನಾಲ್ಕು ಹದಿನೈದರ ಹುಡುಗಿಯರ ಎದುರು ತಾಮ್ರದ ಅದಿರನ್ನು ಒಡೆದು ಹಸನು ಮಾಡುವವಳು ಎಂಬ ಉದ್ಯೋಗ ಕಾಣುತ್ತದೆ. ಅಲ್ಲಿನವರು ಬಾಲ್ ಮೇಡನ್ ಎಂದು ಕರೆಯುತ್ತಿದ್ದ ಈ ಹುಡುಗಿಯರು ಗಣಿಯ ಮೇಲ್ನೆಲದಲ್ಲಿ ಸುತ್ತಿಗೆ ಹಿಡಿದು ದುಡಿಯುತ್ತಿದ್ದರು. ಕುಟುಂಬ ಚರಿತ್ರೆ ಬರೆಯುವಾಗ ಅವರ ದುಡಿಮೆಯನ್ನೂ ಬರೆಯಿರಿ, ಗಂಡಸರದನ್ನು ಮಾತ್ರ ಅಲ್ಲ.

ಮೂರನೆಯ ಹಂತ: ಸರ್ಕಾರಿ ಜನನ, ಮದುವೆ, ಮರಣ ನೋಂದಣಿ

1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ ಆರಂಭವಾಯಿತು. ಇದರ ಸೂಚಿಯನ್ನು ಫ್ರೀಬಿಎಂಡಿ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ವರ್ಷವನ್ನು ನಾಲ್ಕು ತ್ರೈಮಾಸಿಕಗಳಾಗಿ ವಿಂಗಡಿಸಿರುತ್ತಾರೆ; ಪ್ರತಿ ಹೆಸರಿನ ಮುಂದೆ ನೋಂದಣಿ ಜಿಲ್ಲೆ, ಸಂಪುಟ ಮತ್ತು ಪುಟದ ಸಂಖ್ಯೆ ಇರುತ್ತದೆ. ಗ್ವೆನ್ನಾಪ್, ಕ್ಯಾಂಬೋರ್ನ್, ಇಲ್ಲೋಗನ್ ಪ್ಯಾರಿಷ್‌ಗಳು ರೆಡ್‌ರೂತ್ ನೋಂದಣಿ ಜಿಲ್ಲೆಗೆ ಸೇರುತ್ತವೆ, 1852ರ ನಂತರ ಕಾರ್ನ್‌ವಾಲ್‌ನ ಸಂಪುಟ ಸಂಖ್ಯೆ 5ಸಿ. ಈ ನೋಂದಣಿಯನ್ನು ನಡೆಸುವ ಸರ್ಕಾರಿ ಕಚೇರಿಯಾದ ಜನರಲ್ ರಿಜಿಸ್ಟರ್ ಆಫೀಸ್‌ನ ಸ್ವಂತ ಸೂಚಿಯಲ್ಲಿ 1837ರಿಂದಲೇ ಮಗುವಿನ ತಾಯಿಯ ತವರಿನ ಅಡ್ಡಹೆಸರೂ ಸಿಗುವುದರಿಂದ, ಒಂದೇ ದಂಪತಿಯ ಮಕ್ಕಳನ್ನೆಲ್ಲ ಪ್ರಮಾಣಪತ್ರ ಕೊಳ್ಳದೆಯೇ ಪಟ್ಟಿ ಮಾಡಬಹುದು.

ಹಣ ಕೊಟ್ಟು ಪ್ರಮಾಣಪತ್ರ ತರಿಸುವುದಾದರೆ ಮದುವೆಯದಕ್ಕೆ ಮೊದಲ ಪ್ರಾಶಸ್ತ್ಯ ಕೊಡಿ. ಅದರಲ್ಲಿ ವರ ಮತ್ತು ವಧು ಇಬ್ಬರ ತಂದೆಯರ ಹೆಸರು ಮತ್ತು ಉದ್ಯೋಗ ಇರುತ್ತದೆ. ಒಂದೇ ಹಾಳೆಯಲ್ಲಿ ಎರಡು ಮನೆತನಗಳು ಒಂದು ತಲೆಮಾರು ಹಿಂದಕ್ಕೆ ಹೋಗುತ್ತವೆ. ತಂದೆಯ ಅಂಕಣದಲ್ಲಿ ಗೆರೆ ಎಳೆದಿದ್ದರೆ ಆ ವ್ಯಕ್ತಿ ಮದುವೆಯಾಗದ ತಾಯಿಗೆ ಹುಟ್ಟಿರುವ ಸಾಧ್ಯತೆ ಹೆಚ್ಚು. ಸಾಕ್ಷಿಗಳ ಹೆಸರನ್ನು ತಪ್ಪದೆ ಬರೆದುಕೊಳ್ಳಿ, ಅವರು ಬಹಳ ಸಲ ಒಡಹುಟ್ಟಿದವರೇ ಆಗಿರುತ್ತಾರೆ. ಜನನ ನೋಂದಣಿ ಮಾತ್ರ ಆರಂಭದ ದಶಕಗಳಲ್ಲಿ ಪೂರ್ಣವಾಗಿರಲಿಲ್ಲ. ನೋಂದಾಯಿಸದವರಿಗೆ ದಂಡ ವಿಧಿಸುವ ಕಾನೂನು 1875ರಿಂದ ಬಿಗಿಯಾಯಿತು. ಅದಕ್ಕೂ ಹಿಂದಿನ ಜನನ ಸೂಚಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ, ಚರ್ಚಿನ ರಿಜಿಸ್ಟರ್ ನೋಡಿ.

ನಾಲ್ಕನೆಯ ಹಂತ: ಪ್ಯಾರಿಷ್ ರಿಜಿಸ್ಟರ್

ಶೋಧದ ತಿರುಳು ಇಲ್ಲಿದೆ. ಎಂಟನೆಯ ಹೆನ್ರಿಯ ಮಂತ್ರಿಯಾಗಿದ್ದ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ, ಪ್ರತಿ ಪ್ಯಾರಿಷ್‌ನ ಪಾದ್ರಿಯೂ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆ ಹೊರಡಿಸಿದ. ಅಷ್ಟು ಹಿಂದಿನ ಪುಸ್ತಕಗಳು ಎಲ್ಲೆಡೆ ಉಳಿದಿಲ್ಲ. ಮೊದಲ ರಿಜಿಸ್ಟರ್ ಕಾಗದದ್ದಾಗಿದ್ದು, 1598ರಲ್ಲಿ ಅವನ್ನು ಚರ್ಮಪತ್ರಕ್ಕೆ ನಕಲು ಮಾಡಬೇಕೆಂದು ಆದೇಶವಾದಾಗ ಹಲವು ಪಾದ್ರಿಗಳು 1558ರಿಂದ ಈಚಿನದನ್ನು ಮಾತ್ರ ನಕಲು ಮಾಡಿದರು. ಅದೇ ಆದೇಶದ ಪ್ರಕಾರ ಪ್ರತಿ ವರ್ಷದ ನಮೂದುಗಳ ಪ್ರತಿಯೊಂದು ಬಿಷಪ್ಪರಿಗೆ ಹೋಗಬೇಕಿತ್ತು. ಮೂಲ ಪುಸ್ತಕ ಹಾಳಾಗಿದ್ದರೆ ಈ ಬಿಷಪ್ ಪ್ರತಿಗಳೇ ಆಸರೆ. ಕಾರ್ನ್‌ವಾಲ್ 1876ರಲ್ಲಿ ಟ್ರೂರೋ ಡಯೋಸಿಸ್ (ಬಿಷಪ್ಪರ ಆಡಳಿತ ಪ್ರದೇಶ) ಸ್ಥಾಪನೆಯಾಗುವವರೆಗೂ ಎಕ್ಸಿಟರ್ ಬಿಷಪ್ಪರ ಅಧೀನದಲ್ಲಿತ್ತು, ಆದ್ದರಿಂದ ಆ ಪ್ರತಿಗಳ ವಿಚಾರಣೆಯನ್ನು ಎಕ್ಸಿಟರ್‌ನ ಡೆವನ್ ಹೆರಿಟೇಜ್ ಸೆಂಟರ್‌ನಲ್ಲೂ ಮಾಡಬೇಕು.

ಮೂಲ ರಿಜಿಸ್ಟರ್‌ಗಳು ಈಗ ಸಾಮಾನ್ಯವಾಗಿ ಚರ್ಚಿನಲ್ಲಿರುವುದಿಲ್ಲ, ಕೌಂಟಿಯ ದಾಖಲೆ ಕಚೇರಿಯಲ್ಲಿರುತ್ತವೆ. ಕಾರ್ನ್‌ವಾಲ್‌ಗೆ ಅದು ರೆಡ್‌ರೂತ್‌ನಲ್ಲಿ 2019ರಲ್ಲಿ ತೆರೆದ ಕ್ರೆಸೆನ್ ಕೆರ್ನೋ. ಮನೆಯಲ್ಲೇ ಕುಳಿತು ಆರಂಭಿಸುವವರು ಫ್ಯಾಮಿಲಿಸರ್ಚ್, ಫ್ರೀರೆಗ್ ಮತ್ತು ಕಾರ್ನ್‌ವಾಲ್ ಆನ್‌ಲೈನ್ ಪ್ಯಾರಿಷ್ ಕ್ಲರ್ಕ್ಸ್ ಎಂಬ ಸ್ವಯಂಸೇವಕರ ದತ್ತಾಂಶವನ್ನು ಉಚಿತವಾಗಿ ಬಳಸಬಹುದು. ಈ ಸ್ವಯಂಸೇವಕರು ಒಬ್ಬೊಬ್ಬರು ಒಂದೊಂದು ಪ್ಯಾರಿಷ್‌ನ ಹೊಣೆ ಹೊತ್ತು, ಸಾವಿರಾರು ನಮೂದುಗಳನ್ನು ಯಾವ ಪ್ರತಿಫಲವನ್ನೂ ಬಯಸದೆ ಅಕ್ಷರಕ್ಕಿಳಿಸಿದ್ದಾರೆ. ಅವರ ಋಣ ದೊಡ್ಡದು. ಆದರೂ ನಕಲಿನಲ್ಲಿ ಕಂಡದ್ದನ್ನು ಮೂಲ ಪುಟದ ಚಿತ್ರದೊಂದಿಗೆ ತಾಳೆ ನೋಡದೆ ವಂಶವೃಕ್ಷಕ್ಕೆ ಸೇರಿಸಬೇಡಿ.

ಪುಟದಲ್ಲಿ ಏನಿರುತ್ತದೆ ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 1813ರ ಜನವರಿ 1ರಿಂದ ಅಚ್ಚು ಹಾಕಿದ ನಮೂನೆ ಬಂತು. ಆ ದೀಕ್ಷಾಸ್ನಾನದ ಪುಸ್ತಕವನ್ನು ತೆರೆದರೆ ಪುಟಕ್ಕೆ ಎಂಟು ನಮೂದುಗಳು ಕಾಣುತ್ತವೆ. ಎಡದಿಂದ ದಿನಾಂಕ, ಮಗುವಿನ ಹೆಸರು, ತಂದೆತಾಯಿಯ ಹೆಸರು, ತಂದೆಯ ಅಡ್ಡಹೆಸರು, ವಾಸಸ್ಥಳ, ಉದ್ಯೋಗ, ಕೊನೆಯಲ್ಲಿ ವಿಧಿ ನಡೆಸಿದ ಪಾದ್ರಿಯ ಸಹಿ. ತಾಯಿಯ ತವರಿನ ಹೆಸರು ಇರುವುದಿಲ್ಲ. ವಾಸಸ್ಥಳದ ಅಂಕಣದಲ್ಲಿ ಬರಿ ಗ್ವೆನ್ನಾಪ್ ಎಂದಿರದೆ ಲಾನರ್, ಕಾರ್‌ಹ್ಯಾರಕ್, ಸೇಂಟ್ ಡೇ ಎಂದು ಒಳಗಿನ ಊರಿನ ಹೆಸರೇ ಇದ್ದರೆ ಅದು ದೊಡ್ಡ ಲಾಭ. ಸಮಾಧಿ ಪುಸ್ತಕದಲ್ಲಿ ಹೆಸರು, ವಾಸಸ್ಥಳ, ದಿನಾಂಕ ಮತ್ತು ವಯಸ್ಸು ಇರುತ್ತದೆ. 1813ಕ್ಕೂ ಹಿಂದಿನ ದೀಕ್ಷಾಸ್ನಾನದಲ್ಲಿ 'ಇಂಥವರ ಮಗ ಇಂಥವನು' ಎಂಬ ಒಂದೇ ಸಾಲು ಸಿಕ್ಕರೂ ಸಮಾಧಾನಪಡಬೇಕು. ಮದುವೆಗಳಿಗೆ ಮಾತ್ರ 1754ರ ಮಾರ್ಚ್ 25ರಿಂದಲೇ ಹಾರ್ಡ್‌ವಿಕ್ ಕಾಯಿದೆಯಂತೆ ಪ್ರತ್ಯೇಕ ಪುಸ್ತಕವಿದ್ದು, ವಧೂವರರ ಪ್ಯಾರಿಷ್, ಅವರ ಸಹಿ ಅಥವಾ ಅಡ್ಡಗೆರೆಯ ಗುರುತು, ಸಾಕ್ಷಿಗಳ ಹೆಸರು ಸಿಗುತ್ತವೆ. ವಧು ಪಕ್ಕದ ಸ್ಟಿಥಿಯನ್ಸ್‌ನವಳೆಂದಿದ್ದರೆ ಅವಳ ದೀಕ್ಷಾಸ್ನಾನವನ್ನು ಅಲ್ಲಿ ಹುಡುಕಿ.

ಓದುವಾಗ ಎಡವಿಸುವ ಸಂಗತಿಗಳು ಎರಡು. 1733ಕ್ಕೂ ಮುನ್ನ ಕೆಲವು ಪಾದ್ರಿಗಳು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದರು. ಅಲ್ಲಿ ವಿಲಿಯಂ ಗುಲಿಯೆಲ್ಮಸ್ ಆಗಿರುತ್ತಾನೆ, ಜೇಮ್ಸ್ ಯಾಕೋಬಸ್ ಆಗಿರುತ್ತಾನೆ. ಎರಡನೆಯದು ಪಂಚಾಂಗ. 1752ರ ತನಕ ಇಂಗ್ಲೆಂಡಿನಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ಆದ್ದರಿಂದ 1730ರ ಜೂನ್‌ನಲ್ಲಿ ಮದುವೆ, 1730ರ ಫೆಬ್ರವರಿಯಲ್ಲಿ ಮಗು ಎಂದು ಪುಸ್ತಕದಲ್ಲಿ ಕಂಡರೆ ಮಗು ಮದುವೆಗೆ ಮೊದಲು ಹುಟ್ಟಿತೆಂದು ತಿಳಿಯಬೇಡಿ. ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1731ರದು. ನಿಮ್ಮ ಟಿಪ್ಪಣಿಯಲ್ಲಿ ಅದನ್ನು 1730/31 ಎಂದು ಬರೆದುಕೊಳ್ಳಿ.

ಐದನೆಯ ಹಂತ: ಒಂದೇ ಹೆಸರಿನವರನ್ನು ಬೇರ್ಪಡಿಸುವುದು

ಊಹೆಯ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. 1851ರ ಗಣತಿಯಲ್ಲಿ ತಾಮ್ರದ ಗಣಿಗಾರ ವಿಲಿಯಂ ಥಾಮಸ್, ವಯಸ್ಸು 34, ಹುಟ್ಟಿದ್ದು ಗ್ವೆನ್ನಾಪ್ ಎಂದಿದೆ ಎಂದಿಟ್ಟುಕೊಳ್ಳಿ. ರಿಜಿಸ್ಟರ್‌ನಲ್ಲಿ 1815ರಿಂದ 1818ರ ನಡುವೆ ಅದೇ ಹೆಸರಿನ ನಾಲ್ಕು ದೀಕ್ಷಾಸ್ನಾನಗಳಿವೆ. ಇಲ್ಲಿ ಅವಸರ ಸಲ್ಲದು.

ಮೊದಲು ಸಮಾಧಿ ಪುಸ್ತಕಕ್ಕೆ ಹೋಗಿ. ಆ ನಾಲ್ವರಲ್ಲಿ ಯಾರಾದರೂ ಕೂಸಾಗಿದ್ದಾಗಲೇ ತೀರಿಕೊಂಡಿದ್ದಾರೆಯೇ ನೋಡಿ. 1813ರ ನಂತರ ವಯಸ್ಸು ಮತ್ತು ವಾಸಸ್ಥಳ ಎರಡೂ ಇರುವುದರಿಂದ ಇದು ಕಷ್ಟವಲ್ಲ. ಒಂದು ಮಗು ಸತ್ತರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುವುದು ಅಲ್ಲಿ ರೂಢಿಯಲ್ಲಿತ್ತು, ಆದ್ದರಿಂದ ಅದೇ ದಂಪತಿಗೆ ಎರಡನೆಯ ವಿಲಿಯಂ ಇದ್ದಾನೆಯೇ ಎಂದೂ ಪರಿಶೀಲಿಸಿ. ಆ ಬಳಿಕ ಉಳಿದವರ ತಂದೆತಾಯಿಯ ಜೋಡಿಗೆ ಒಂದೊಂದು ಹಾಳೆ ಮಾಡಿ. 1805ರಿಂದ 1835ರವರೆಗೆ ಗ್ವೆನ್ನಾಪ್‌ನಲ್ಲಿ ದೀಕ್ಷಾಸ್ನಾನ ಪಡೆದ ಎಲ್ಲ ಥಾಮಸ್ ಮಕ್ಕಳನ್ನೂ ಆಯಾ ದಂಪತಿಯ ಹಾಳೆಗೆ ಹಂಚಿ. ಲಾನರ್‌ನ ಗಣಿಗಾರ ಜಾನ್ ಮತ್ತು ಗ್ರೇಸ್‌ರ ಮನೆ ಒಂದು, ಕಾರ್‌ಹ್ಯಾರಕ್‌ನ ಚಮ್ಮಾರ ಜಾನ್ ಮತ್ತು ಮೇರಿಯರ ಮನೆ ಇನ್ನೊಂದು ಎಂದು ಚಿತ್ರ ನಿಧಾನವಾಗಿ ತಿಳಿಯಾಗುತ್ತದೆ. ಈಗ ವಿಲಿಯಂನ ಮದುವೆಯ ಪ್ರಮಾಣಪತ್ರ ತನ್ನಿ. ತಂದೆ ಜಾನ್, ಗಣಿಗಾರ ಎಂದಿದ್ದು, ಸಾಕ್ಷಿ ಲಾನರ್ ಮನೆಯ ಅಕ್ಕನಾಗಿದ್ದರೆ ಮತ್ತು 1841ರ ಗಣತಿಯಲ್ಲಿ ಅದೇ ಮನೆಯಲ್ಲಿ ವಿಲಿಯಂ ಕಂಡರೆ ನಿಮ್ಮ ತೀರ್ಮಾನಕ್ಕೆ ಮೂರು ಆಧಾರಗಳಾದವು. ಎರಡೇ ಸಿಕ್ಕರೆ 'ಬಹುಶಃ' ಎಂದು ಬರೆಯಿರಿ. ಆ ಒಂದು ಪದವನ್ನು ಬರೆಯುವ ಪ್ರಾಮಾಣಿಕತೆ ಇಲ್ಲದ ವಂಶವೃಕ್ಷ ಎಷ್ಟು ಉದ್ದವಿದ್ದರೂ ಪ್ರಯೋಜನವಿಲ್ಲ.

ಎಲ್ಲೂ ಸಿಗದಿದ್ದರೆ ಕುಟುಂಬ ಮೆಥಡಿಸ್ಟ್ ಆಗಿತ್ತೇ ಎಂದು ಯೋಚಿಸಿ. ಜಾನ್ ವೆಸ್ಲಿ ಗ್ವೆನ್ನಾಪ್‌ನ ಬಯಲು ಕುಳಿಯಲ್ಲಿ ಹಲವು ಬಾರಿ ಉಪದೇಶ ಮಾಡಿದವರು. ಅವರ ಪಂಥ ಗಣಿಗಾರರ ನಡುವೆ ಆಳವಾಗಿ ಬೇರೂರಿತು. ಮೆಥಡಿಸ್ಟರ ದೀಕ್ಷಾಸ್ನಾನಗಳು ಪ್ಯಾರಿಷ್‌ವಾರು ಇರದೆ ಸರ್ಕಿಟ್‌ವಾರು (ಹಲವು ಪ್ರಾರ್ಥನಾ ಮಂದಿರಗಳು ಸೇರಿದ ಗುಂಪಿನ) ಪುಸ್ತಕಗಳಲ್ಲಿರುತ್ತವೆ. 1837ಕ್ಕೆ ಹಿಂದಿನ ಅನೇಕ ಪುಸ್ತಕಗಳು ನ್ಯಾಷನಲ್ ಆರ್ಕೈವ್ಸ್‌ನ ಆರ್‌ಜಿ 4 ಸರಣಿಯಲ್ಲಿವೆ. ಆದರೆ 1754ರಿಂದ 1837ರವರೆಗೆ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಮತ್ತು ಯೆಹೂದಿಗಳನ್ನು ಬಿಟ್ಟು ಉಳಿದವರೆಲ್ಲ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕಿತ್ತು, ಹಾಗಾಗಿ ಮೆಥಡಿಸ್ಟರ ಮದುವೆಗಳು ಪ್ಯಾರಿಷ್ ಪುಸ್ತಕದಲ್ಲೇ ಸಿಗುತ್ತವೆ.

ಆರನೆಯ ಹಂತ: ಬಡವರ ಕಾಗದಗಳು, ಉಯಿಲು, ನಕ್ಷೆ

ಹೆಚ್ಚಿನವರು ರಿಜಿಸ್ಟರ್‌ಗೆ ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ ಹಳ್ಳಿಯ ಬಡಕುಟುಂಬದ ನಿಜವಾದ ಬದುಕು ಕಾಣುವುದು ಇದರ ನಂತರ. 1601ರ ಕಾಯಿದೆಯಂತೆ ಬಡವರನ್ನು ಪೋಷಿಸುವ ಹೊಣೆ ಅವರವರ ಪ್ಯಾರಿಷ್‌ನದಾಗಿತ್ತು, 1662ರ ಕಾಯಿದೆ ಯಾರು ಯಾವ ಪ್ಯಾರಿಷ್‌ಗೆ ಸೇರಿದವರೆಂದು ನಿರ್ಧರಿಸುವ ನಿಯಮಗಳನ್ನು ಬಿಗಿಗೊಳಿಸಿತು. ನೆರವು ಬೇಡಿದವನನ್ನು ಇಬ್ಬರು ನ್ಯಾಯಾಧಿಕಾರಿಗಳ ಮುಂದೆ ನಿಲ್ಲಿಸಿ ವಿಚಾರಿಸುತ್ತಿದ್ದರು. ತಾನು ಎಲ್ಲಿ ಹುಟ್ಟಿದೆ, ಯಾವ ರೈತನ ಬಳಿ ವರ್ಷಪೂರ್ತಿ ಯಾವ ಸಂಬಳಕ್ಕೆ ದುಡಿದೆ, ಯಾರನ್ನು ಎಲ್ಲಿ ಮದುವೆಯಾದೆ, ಮಕ್ಕಳ ವಯಸ್ಸೆಷ್ಟು ಎಂದು ಅವನು ಕೊಟ್ಟ ಹೇಳಿಕೆ ಕಾಗದದಲ್ಲಿ ಉಳಿದಿದ್ದರೆ, ಅಕ್ಷರ ಬಾರದ ಕೂಲಿಯವನ ಆತ್ಮಕಥೆಗೆ ಅಷ್ಟು ಹತ್ತಿರದ್ದು ಬೇರೆ ಸಿಗಲಾರದು. ಅವನನ್ನು ಊರಿನಿಂದ ಹೊರಗೆ ಕಳುಹಿಸಿದ ಆದೇಶ, ಮದುವೆಯಾಗದ ತಾಯಿಯ ಮಗುವಿಗೆ ತಂದೆಯೆನಿಸಿದವನಿಂದ ಬರೆಸಿಕೊಂಡ ಮುಚ್ಚಳಿಕೆ, ಬಡಮಕ್ಕಳನ್ನು ರೈತರ ಮನೆಗೆ ಕೆಲಸಕ್ಕೆ ಒಪ್ಪಿಸಿದ ಕರಾರುಗಳೂ ಪ್ಯಾರಿಷ್‌ನ ಕಾಗದಗಳನ್ನಿಡುತ್ತಿದ್ದ ಪೆಟ್ಟಿಗೆಯ ಈ ಕಟ್ಟುಗಳಲ್ಲಿರುತ್ತವೆ. ದೀಕ್ಷಾಸ್ನಾನದಲ್ಲಿ ತಂದೆಯ ಹೆಸರಿಲ್ಲದವರಿಗೆ ಆ ಮುಚ್ಚಳಿಕೆಯೊಂದೇ ಉತ್ತರವಾಗಬಹುದು. ಇವು ಕ್ರೆಸೆನ್ ಕೆರ್ನೋದಲ್ಲಿ ಪ್ಯಾರಿಷ್‌ವಾರು ಪಟ್ಟಿಯಾಗಿವೆ, ಮೇಲ್ಮನವಿಗಳು ಕ್ವಾರ್ಟರ್ ಸೆಷನ್ಸ್ (ಮೂರು ತಿಂಗಳಿಗೊಮ್ಮೆ ಕೂಡುತ್ತಿದ್ದ ಕೌಂಟಿ ನ್ಯಾಯಾಲಯ) ದಾಖಲೆಗಳಲ್ಲಿವೆ. 1834ರ ಹೊಸ ಕಾಯಿದೆಯ ನಂತರ ಹಲವು ಪ್ಯಾರಿಷ್‌ಗಳು ಸೇರಿದ ಯೂನಿಯನ್ ಮತ್ತು ಅದರ ವರ್ಕ್‌ಹೌಸ್ (ಬಡವರನ್ನು ಇರಿಸಿ ದುಡಿಸುತ್ತಿದ್ದ ಮನೆ) ಪುಸ್ತಕಗಳನ್ನು ನೋಡಬೇಕು.

ಸ್ವಲ್ಪ ಆಸ್ತಿ ಇದ್ದವರಿಗೆ ಉಯಿಲು ಇರುತ್ತದೆ. 1858ರ ಜನವರಿ 12ರ ತನಕ ಉಯಿಲುಗಳನ್ನು ಚರ್ಚಿನ ನ್ಯಾಯಾಲಯಗಳು ಮಾನ್ಯ ಮಾಡುತ್ತಿದ್ದವು, ಅನಂತರದವು ಸರ್ಕಾರಿ ಪ್ರೊಬೇಟ್ (ಉಯಿಲಿನ ಮಾನ್ಯತೆ) ಸೂಚಿಯಲ್ಲಿವೆ. ಎಕ್ಸಿಟರ್‌ನಲ್ಲಿದ್ದ ಉಯಿಲುಗಳ ದೊಡ್ಡ ರಾಶಿ 1942ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ ಡೆವನ್‌ನ ಕುಟುಂಬಗಳಿಗೆ ತುಂಬಲಾರದ ನಷ್ಟವಾಯಿತು. ಬಿಷಪ್ಪರ ಕೈಕೆಳಗಿನ ಅಧಿಕಾರಿಯಾದ ಕಾರ್ನ್‌ವಾಲ್ ಆರ್ಚ್‌ಡೀಕನ್ ನ್ಯಾಯಾಲಯದ ಉಯಿಲುಗಳು ಮಾತ್ರ ಉಳಿದು ಕ್ರೆಸೆನ್ ಕೆರ್ನೋದಲ್ಲಿವೆ. ಸಿರಿವಂತರ ಉಯಿಲುಗಳನ್ನು ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ಪ್ರೆರೊಗೆಟಿವ್ ನ್ಯಾಯಾಲಯದ ಸಂಗ್ರಹದಲ್ಲಿ ನೋಡಿ.

ಮನೆ ಎಲ್ಲಿತ್ತು ಎಂದು ತಿಳಿಯಲು ದಶಾಂಶ ತೆರಿಗೆಯ ನಕ್ಷೆಗಳಿವೆ. ಬೆಳೆಯ ಹತ್ತನೆಯ ಒಂದು ಪಾಲನ್ನು ಚರ್ಚಿಗೆ ಕೊಡುವ ಪದ್ಧತಿಯನ್ನು 1836ರ ಕಾಯಿದೆ ಹಣದ ರೂಪಕ್ಕೆ ಬದಲಾಯಿಸಿದಾಗ, ಪ್ಯಾರಿಷ್‌ಗಳನ್ನು ಅಳೆದು ನಕ್ಷೆ ಮತ್ತು ಪಟ್ಟಿ ತಯಾರಿಸಿದರು. ನಮ್ಮ ಗ್ರಾಮ ನಕ್ಷೆಯನ್ನೂ ಪಹಣಿಯನ್ನೂ ಜೊತೆಗಿಟ್ಟು ಓದುವಂತೆಯೇ ಇವನ್ನೂ ಓದಬೇಕು: ನಕ್ಷೆಯಲ್ಲಿ ತುಂಡಿನ ಸಂಖ್ಯೆ, ಪಟ್ಟಿಯಲ್ಲಿ ಅದರ ಮಾಲೀಕ, ಅನುಭೋಗದಲ್ಲಿರುವವನು, ಹೊಲದ ಹೆಸರು, ವಿಸ್ತೀರ್ಣ ಮತ್ತು ಬೆಳೆಯ ಬಗೆ. 1841ರ ಗಣತಿಯ ಮನೆಯನ್ನು ಈ ನಕ್ಷೆಯ ಮೇಲೆ ಗುರುತಿಸಿ, ಸ್ಕಾಟ್‌ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿರುವ ಆರ್ಡ್‌ನೆನ್ಸ್ ಸರ್ವೆ ಎಂಬ ಸರ್ಕಾರಿ ಸಂಸ್ಥೆಯ ಹಳೆಯ ನಕ್ಷೆಗಳೊಂದಿಗೆ ಹೋಲಿಸಿದರೆ ಇಂದಿನ ಜಾಗವನ್ನೂ ಕಂಡುಕೊಳ್ಳಬಹುದು. ಗಣಿಯಲ್ಲಿ ಸತ್ತವರ ವಿವರಕ್ಕೆ ರಾಯಲ್ ಕಾರ್ನ್‌ವಾಲ್ ಗೆಜೆಟ್ ಮತ್ತು ವೆಸ್ಟ್ ಬ್ರಿಟನ್ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಅಪಮೃತ್ಯು ವಿಚಾರಣೆಯ ವರದಿಗಳನ್ನು ಹುಡುಕಿ.

ಊರಿಗೆ ಹೋಗುವ ಮುನ್ನ

ದಾಖಲೆ ಕಚೇರಿಗೆ ಹೋಗುವವರು ಬೇಕಾದ ದಾಖಲೆಗಳ ಸಂಖ್ಯೆಯನ್ನು ಆನ್‌ಲೈನ್ ಪಟ್ಟಿಯಿಂದ ಬರೆದುಕೊಂಡು ಮುಂಚಿತವಾಗಿ ಕಾಯ್ದಿರಿಸಬೇಕು. ಗುರುತಿನ ಚೀಟಿಯನ್ನೂ ಪೆನ್ಸಿಲನ್ನೂ ಒಯ್ಯಿರಿ, ಓದುಕೋಣೆಯೊಳಗೆ ಪೆನ್ನಿಗೆ ಅವಕಾಶವಿರುವುದಿಲ್ಲ. ನೋಡಿದ ಪ್ರತಿ ದಾಖಲೆಯ ಸಂಖ್ಯೆ, ಪುಟ, ನೋಡಿದ ವರ್ಷಗಳ ವ್ಯಾಪ್ತಿಯನ್ನು ಬರೆದಿಡಿ. ಏನೂ ಸಿಗದಿದ್ದರೂ ಅದನ್ನು ಬರೆಯಿರಿ, ಇಲ್ಲವಾದರೆ ಅದೇ ಪುಸ್ತಕವನ್ನು ಮತ್ತೊಮ್ಮೆ ಹುಡುಕುವಿರಿ.

ಚರ್ಚಿನ ಅಂಗಳದಲ್ಲಿ ಗಣಿಗಾರನ ಸಮಾಧಿಗೆ ಕಲ್ಲು ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಬಡವರಲ್ಲಿ ಹೆಚ್ಚಿನವರಿಗೆ ಕಲ್ಲು ನಿಲ್ಲಿಸುವ ಶಕ್ತಿ ಇರಲಿಲ್ಲ. ಕಲ್ಲಿದ್ದು ಅಕ್ಷರ ಮಾಸಿದ್ದರೆ ತಂತಿ ಬ್ರಷ್ಷಿನಿಂದಲೋ ರಾಸಾಯನಿಕದಿಂದಲೋ ಉಜ್ಜಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿದರೆ, ಇಲ್ಲವೇ ಟಾರ್ಚನ್ನು ಕಲ್ಲಿನ ಮಗ್ಗುಲಿನಿಂದ ಹಿಡಿದರೆ, ಅಕ್ಷರಗಳ ತಗ್ಗಿನಲ್ಲಿ ನೆರಳು ಬಿದ್ದು ಓದಲು ಬರುತ್ತದೆ. ಪಕ್ಕದ ಕಲ್ಲುಗಳ ಫೋಟೋವನ್ನೂ ತೆಗೆಯಿರಿ, ಒಂದೇ ಮನೆತನದವರನ್ನು ಹತ್ತಿರ ಹತ್ತಿರ ಹೂಳುತ್ತಿದ್ದುದು ಸಾಮಾನ್ಯ. ನಿಮಗೆ ಸಿಕ್ಕ ವಿವರಗಳನ್ನು ಆಧಾರಸಮೇತ ಆ ಪ್ಯಾರಿಷ್‌ನ ಸ್ವಯಂಸೇವಕರಿಗೆ ಕಳುಹಿಸಿಕೊಡಿ, ಬದುಕಿರುವವರ ಹೆಸರು ಮತ್ತು ಜನ್ಮದಿನಾಂಕಗಳನ್ನು ಮಾತ್ರ ಅದರಿಂದ ತೆಗೆದುಹಾಕಿ.